ಖರಾಬಿನೊಳಗಿನ ಮನೆ: ವಿಜಯಪುರದ ಅಂಚಿನ ಹಳೆಯ ಹೊಲಮನೆಯ ಚರಿತ್ರೆ ಹುಡುಕುವ ಬಗೆ

ತೊರವಿ, ಐನಾಪುರ, ಜುಮನಾಳ, ಇಟ್ಟಂಗಿಹಾಳ, ಯಾವ ದಿಕ್ಕಿನ ರಸ್ತೆ ಹಿಡಿದರೂ ಊರ ಅಂಚಿನಲ್ಲಿ ಇದೇ ನೋಟ. ಮೂವತ್ತು ನಲವತ್ತರ ಸೈಟುಗಳ ಸಾಲು, ನೆಟ್ಟ ಹದ್ದಿನ ಕಲ್ಲು, ಅರ್ಧಕ್ಕೆ ನಿಂತ ಗಟಾರ, ನಡುವೆ ಒಂದು ಕರಿಕಲ್ಲಿನ ಮನೆ. ಮೇಲೆ ಮಣ್ಣಿನ ಮ್ಯಾಳಗಿ (ಮಟ್ಟಸ ಸೂರು), ಮುಂದೆ ಬೇವಿನ ಮರ, ಪಕ್ಕದಲ್ಲಿ ಕಸ ತುಂಬುತ್ತಿರುವ ಬಾವಿ. ಕೇಳಿದರೆ ಒಬ್ಬರು "ಬಾದಶಾನ ಕಾಲದ್ದು" ಅನ್ನುತ್ತಾರೆ, ಇನ್ನೊಬ್ಬರು "ನಮ್ಮ ಮುತ್ಯಾ ಕಟ್ಟಿಸಿದ್ದು" ಅನ್ನುತ್ತಾರೆ. ಮೊದಲನೆಯ ಮಾತು ಬಹುತೇಕ ತಪ್ಪು. ಎರಡನೆಯದು ಅರ್ಧ ಸರಿ: ಮುತ್ಯಾ ಕಟ್ಟಿಸಿದ್ದು ಪಡಸಾಲಿ ಮಾತ್ರ ಆಗಿರಬಹುದು, ಹಿಂದಿನ ದನದ ಮನಿ ಅವನಿಗಿಂತ ಹಳೆಯದಿರಬಹುದು.

ಇಂಥ ಮನೆಯ ಚರಿತ್ರೆ ಬರೆಯಲು ಕೂತವರು ಮೊದಲು ಎಡವುವುದು ಒಂದು ಸಂಗತಿಯಲ್ಲಿ. ಸರಕಾರಿ ಕಾಗದದಲ್ಲಿ ಹೊಲದ ಮನೆ ಅನ್ನುವುದೇ ಇಲ್ಲ. ಊರೊಳಗಿನ ಮನೆಗೆ ಪಂಚಾಯಿತಿಯ ವಿ.ಪಿ.ಸಿ. ನಂಬರು ಇರುತ್ತದೆ, ಪೇಟೆಯ ಮನೆಗೆ ಸಿಟಿ ಸರ್ವೆ ನಂಬರು ಇರುತ್ತದೆ, ಹೊಲಕ್ಕೆ ಸರ್ವೆ ನಂಬರು ಇರುತ್ತದೆ. ಹೊಲದ ನಡುವೆ ಕಟ್ಟಿದ ಮನೆ ಈ ಮೂರರ ಸಂದಿಯಲ್ಲಿ ಬಿದ್ದುಹೋಗುತ್ತದೆ. ಅದರ ಒಂದೇ ಒಂದು ಗುರುತು ಉಳಿದಿದ್ದರೆ ಅದು ಉತಾರದ (ಪಹಣಿಯ) ಮೂರನೆಯ ಕಾಲಮ್ಮಿನಲ್ಲಿ, "ಖರಾಬು" ಅನ್ನುವ ಶಬ್ದದ ಮುಂದೆ. ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಖರಾಬಿನಲ್ಲಿ ಎರಡು ಬಗೆ. ಕರ್ನಾಟಕ ಭೂಕಂದಾಯ ನಿಯಮಗಳು, 1966 ಇದನ್ನು ಬಿಡಿಸಿ ಹೇಳುತ್ತವೆ. ಹಿಂದಿನ ಮುಂಬಯಿ ಇಲಾಖೆಯ (ಪ್ರಾಂತದ) ನಿಯಮವೂ ಹೀಗೇ ಇತ್ತು. ಸರ್ವೆ ಕಾಲದಲ್ಲಿ ಸಾಗುವಳಿಗೆ ಬಾರದ್ದು ಅಂತ ಬಿಟ್ಟ ಜಾಗ "ಅ" ಖರಾಬು. ಹೊಲದ ಒಡೆಯನ ಸ್ವಂತ ಹೊಲಮನೆ ಮತ್ತು ಕಣ ಇದರೊಳಗೇ ಸೇರುತ್ತವೆ, ನಿಯಮದಲ್ಲಿ ಹಾಗೆಂದೇ ಬರೆದಿದೆ. ರಸ್ತೆ, ಹಳ್ಳ, ಕೆರೆ, ಸ್ಮಶಾನ ಹೀಗೆ ಸಾರ್ವಜನಿಕರಿಗೆ ಬಿಟ್ಟದ್ದು "ಬ" ಖರಾಬು. "ಅ" ಖರಾಬು ಖಾತೆದಾರನದೇ, ಅದಕ್ಕೆ ಕಂದಾಯ ಇಲ್ಲ, ಅಷ್ಟೆ. "ಬ" ಖರಾಬು ಸರಕಾರದ್ದು. ಹಳೆಯ ಮನೆ "ಬ" ಖರಾಬಿನ ಮೇಲೆ ನಿಂತಿದೆ ಅಂತ ಕಂಡುಬಂದರೆ ಚರಿತ್ರೆಗಿಂತ ಮೊದಲು ವಕೀಲರನ್ನು ಕಾಣುವುದು ಒಳ್ಳೆಯದು.

ಲೆಕ್ಕ ಹಾಕಿ ನೋಡೋಣ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಉತಾರದಲ್ಲಿ ವಿಸ್ತೀರ್ಣ (ಎಕರೆ-ಗುಂಟೆ) 12-18, ಖರಾಬು 0-07 ಅಂತ ಇದೆ ಅಂದುಕೊಳ್ಳಿ. ಏಳು ಗುಂಟೆ ಅಂದರೆ 7,623 ಚದರಡಿ. ಒಂದು ಮನೆ ಮತ್ತು ದನದ ಮನಿಗೆ ಎರಡು ಸಾವಿರ ಚದರಡಿ ಹೋಗಲಿ. ಮೂವತ್ತು ಅಡಿ ಅಡ್ಡಗಲದ ಕಣಕ್ಕೆ 700 ಚದರಡಿ, ಅದರ ಸುತ್ತ ಎತ್ತಿನ ಹಂತಿ ತಿರುಗಿಸಿ ರಾಶಿ ತೂರಲು ಅಷ್ಟೇ ಜಾಗ, ಬಣವಿಗೆ, ತಿಪ್ಪಿಗೆ, ಬಂಡಿ ನಿಲ್ಲಲು ಉಳಿದದ್ದು. ನಾಲ್ಕರಿಂದ ಎಂಟು ಗುಂಟೆ ಖರಾಬು ಇದ್ದರೆ ಅಲ್ಲಿ ಒಂದು ಒಕ್ಕಲುತನದ ಮನೆ ಇತ್ತು ಅನ್ನುವ ಅನುಮಾನಕ್ಕೆ ಆಧಾರ ಸಿಕ್ಕಂತೆ. ಎಕರೆಗಟ್ಟಲೆ ಖರಾಬು ಇದ್ದರೆ ಅದು ಮಡ್ಡಿ (ಕಲ್ಲುನೆಲ) ಅಥವಾ ಹಳ್ಳ. ವಿಜಯಪುರದ ಸುತ್ತ ಮಡ್ಡಿಗೆ ಬರವಿಲ್ಲ, ಆದ್ದರಿಂದ ಅಂಕಿ ಒಂದನ್ನೇ ನಂಬಬೇಡಿ. ಸರ್ವೆ ಕಚೇರಿಯಲ್ಲಿ ಆ ನಂಬರಿನ ಟಿಪ್ಪಣಿ (ಹೊಲದ ಅಳತೆಯ ನಕ್ಷೆ) ಮತ್ತು ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಎರಡರ ನಕಲನ್ನೂ ತೆಗೆಸಿ. ಖರಾಬು ಯಾವುದಕ್ಕೆ ಅಂತ "ಮನೆ", "ಕಣ", "ಬಾವಿ", "ಹಳ್ಳ", "ಹಾದಿ" ಹೀಗೆ ಒಂದು ಶಬ್ದ ಬರೆದಿರುವುದು ಉಂಟು.

ಇನ್ನೂ ಒಂದು ಉಪಯೋಗ ಇದೆ. ಮೊದಲ ಸರ್ವೆಯ ಕಾಗದದಲ್ಲಿ ಖರಾಬು ಇಲ್ಲದೆ ಮುಂದಿನ ಸರ್ವೆ ಅಥವಾ ಹಿಸ್ಸಾ (ಪಾಲಿನ) ಅಳತೆಯಲ್ಲಿ ಕಾಣಿಸಿಕೊಂಡರೆ, ಕಣವೋ ಮನೆಯೋ ಆ ಎರಡರ ನಡುವೆ ಬಂದಿದೆ. ನಮ್ಮ ಕಡೆ ಮೊದಲ ಸರ್ವೆ 19ನೇ ಶತಮಾನದ ಮಧ್ಯಭಾಗದ್ದು. ಕಂದಾಯವನ್ನು 30 ವರ್ಷಕ್ಕೆ ಕಾಯಂ ಮಾಡುತ್ತಿದ್ದರು, ಮರುಸರ್ವೆ ಅದು ಮುಗಿದ ಮೇಲೆ. ಆದರೆ ಇದರ ತಿರುವು ಸರಿಯಲ್ಲ: ಖರಾಬು ಇಲ್ಲ ಅಂದಮಾತ್ರಕ್ಕೆ ಮನೆ ಇರಲಿಲ್ಲ ಅನ್ನಲಾಗದು. ಸರ್ವೆ ಮುಗಿದ ಮೇಲೆ ಕಟ್ಟಿದ ಮನೆಯನ್ನು ದಾಖಲೆಗೆ ಸೇರಿಸಲು ಯಾರೂ ಓಡಾಡುತ್ತಿರಲಿಲ್ಲ.

ಕಾಗದದ ಹಿಂದಿನ ನಡಿಗೆ

ಈಗಿನ ಉತಾರದಿಂದ ಹಿಂದಕ್ಕೆ ಹೋಗಬೇಕು. ಒಂಬತ್ತನೆಯ ಕಾಲಮ್ಮಿನಲ್ಲಿ ಖಾತೆದಾರರ ಹೆಸರು, ಹತ್ತರಲ್ಲಿ ಜಮೀನು ಅವರಿಗೆ ಹೇಗೆ ಬಂತು ಅನ್ನುವುದರ ಜೊತೆ ಒಂದು ನಂಬರು. ಅದು ಹಕ್ಕು ಬದಲಾವಣೆಯ ನಂಬರು. ನಮ್ಮಲ್ಲಿ ಅದಕ್ಕೆ ಡೈರಿ ಅನ್ನುತ್ತಾರೆ. ಆ ಡೈರಿಯ ನಕಲು ತೆಗೆಸಿದರೆ ಅದರೊಳಗೆ ಹಿಂದಿನ ಡೈರಿಯ ನಂಬರೋ ಹಿಂದಿನ ಮಾಲಕನ ಹೆಸರೋ ಸಿಗುತ್ತದೆ. ಹೀಗೆ ಒಂದೊಂದೇ ಮೆಟ್ಟಿಲು ಇಳಿಯುವುದು. ಮುಂಬಯಿ ಇಲಾಖೆಯಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಆದ್ದರಿಂದ ಡೈರಿಯ ಮೆಟ್ಟಿಲು ಅದರ ಆಚೆ ಇಳಿಯುವುದಿಲ್ಲ.

ತಾಲೂಕು ಕಚೇರಿಯ ನಕಲು ವಿಭಾಗದಲ್ಲಿ "ಹಳೆಯ ಕಾಗದ ಎಲ್ಲಾ ಕೊಡಿ" ಅಂದರೆ ಏನೂ ಸಿಗುವುದಿಲ್ಲ. ಗ್ರಾಮ, ಸರ್ವೆ ನಂಬರು, ಹಿಸ್ಸಾ, ಡೈರಿ ನಂಬರು, ವರ್ಷ, ಐದನ್ನೂ ಬರೆದು ಅರ್ಜಿ ಕೊಡಿ. ಪುಟ ಹರಿದು ಜೀರ್ಣವಾಗಿದೆ ಅಂತ ಹೇಳಿದರೆ ಅದನ್ನೇ ಹಿಂಬರಹವಾಗಿ ಬರೆಸಿಕೊಳ್ಳಿ. ಮುಂದಿನ ಕಚೇರಿಯಲ್ಲಿ ಅದು ಕೆಲಸಕ್ಕೆ ಬರುತ್ತದೆ. ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕಿನ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವುದರಿಂದ, ಬಂಡಲು ಬಿಚ್ಚಿಸುವ ಮೊದಲು ಸ್ಕ್ಯಾನ್ ಆಗಿದೆಯೇ ಅಂತ ಕೇಳುವುದು ಲೇಸು.

ಡೈರಿ ಓದುವಾಗ ಬೇಕಾಗುವ ಶಬ್ದಗಳು ಹೆಚ್ಚಿನವು ಮರಾಠಿ, ಫಾರಸಿ ಕಡೆಯಿಂದ ಬಂದವು. ವಾರಸಾ ಅಂದರೆ ಸತ್ತವರ ಹೆಸರು ಕಡಿಮೆಯಾಗಿ ಮಕ್ಕಳ ಹೆಸರು ಏರಿದ್ದು. ವಾಟ್ನಿ ಅಂದರೆ ಪಾಲು. ಖರೇದಿ, ಬಕ್ಷೀಸು ಗೊತ್ತೇ ಇವೆ. ಗಹಾಣ ಅಂದರೆ ಒತ್ತೆ, ಬೋಜಾ ಅಂದರೆ ಸಾಲದ ಹೊರೆ, ಲಾವಣಿ ಅಂದರೆ ಗೇಣಿ. ಇವುಗಳಲ್ಲಿ ಮನೆಯ ಮಟ್ಟಿಗೆ ಅತಿ ಬೆಲೆಬಾಳುವುದು ವಾಟ್ನಿ. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲದ ಮನೆ ಯಾರಿಗೆ, ಬಾವಿಯ ನೀರು ಯಾರಿಗೆ ಎಷ್ಟು ದಿನ, ಕಣಕ್ಕೆ ಹೋಗುವ ಬಂಡಿ ಹಾದಿ ಯಾವ ಬದುವಿನ ಮೇಲೆ, ಇವನ್ನೆಲ್ಲ ಬರೆಯಲೇಬೇಕಾಗುತ್ತದೆ. ಡೈರಿಯಲ್ಲಿ ಇಲ್ಲದಿದ್ದರೂ ವಾಟ್ನಿ ಪತ್ರದಲ್ಲಿ ಇರುತ್ತದೆ.

ಎರಡನೆಯದು ತಗಾಯಿ ಬೋಜಾ. 1883ರ ಭೂ ಸುಧಾರಣಾ ಸಾಲದ ಕಾಯ್ದೆಯಡಿ ಬಾವಿ ತೋಡಲು, ಒಡ್ಡು ಹಾಕಲು ಸರಕಾರ ಸಾಲ ಕೊಡುತ್ತಿತ್ತು. ಉತಾರದ ಹನ್ನೊಂದನೆಯ ಕಾಲಮ್ಮಿನಲ್ಲಿ, ಅಂದರೆ ಇತರೆ ಹಕ್ಕು ಮತ್ತು ಋಣದ ಕಾಲಮ್ಮಿನಲ್ಲಿ, "ತಗಾಯಿ" ಕಂಡರೆ ಅದರ ವರ್ಷ ಗುರುತು ಮಾಡಿಕೊಳ್ಳಿ. ಬಾವಿ ತೋಡಿದ ವರ್ಷ ಸಿಕ್ಕರೆ ಮನೆಯ ವರ್ಷ ಹತ್ತಿರವಾಗುತ್ತದೆ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಜಮೀನು ಗೇಣಿಯಲ್ಲಿ ಇದ್ದಿದ್ದರೆ 1974ರ ಭೂಸುಧಾರಣೆಯ ಕಡತ ಬಿಡಬಾರದು. ಅದೇ ವರ್ಷ ಮಾರ್ಚ್ 1ರಿಂದ ಗೇಣಿ ಜಮೀನು ಸರಕಾರಕ್ಕೆ ಸೇರಿ, ಉಳುವವರು ನಮೂನೆ 7 ತುಂಬಿ ಭೂ ನ್ಯಾಯ ಮಂಡಳಿಯ ಮುಂದೆ ನಿಂತರು. ಮಂಡಳಿಯ ಕಡತದಲ್ಲಿ ಒಡೆಯ, ಒಕ್ಕಲು, ಅಕ್ಕಪಕ್ಕದ ಹೊಲದವರು ಕೊಟ್ಟ ಹೇಳಿಕೆಗಳಿರುತ್ತವೆ. ಯಾರು ಯಾವ ವರ್ಷದಿಂದ ಹೊಲದಲ್ಲಿದ್ದರು, ಮನೆಯಲ್ಲಿ ಯಾರಿದ್ದರು ಅನ್ನುವುದು ಬದುಕಿದವರ ಬಾಯಿಂದಲೇ ಬರೆದಿಟ್ಟ ದಾಖಲೆ ಅದು. ಬೇರೆ ಯಾವ ಕಾಗದದಲ್ಲೂ ಒಕ್ಕಲಿನವನ ಮಾತು ಹಾಗೆ ಸಿಗುವುದಿಲ್ಲ.

ಹೆಸರಿನಿಂದ ಹುಡುಕಬೇಕಾದರೆ ಉಪನೋಂದಣಿ ಕಚೇರಿ. ಅಲ್ಲಿ ಇಂಡೆಕ್ಸ್ 1 ಹೆಸರಿನ ಮೇಲೆ, ಇಂಡೆಕ್ಸ್ 2 ಆಸ್ತಿಯ ಮೇಲೆ. ಆನ್‌ಲೈನಿನ ಇ.ಸಿ. (ಋಣಭಾರ ಪತ್ರ) ಈಚಿನ ಎರಡು ದಶಕದ ವ್ಯವಹಾರಕ್ಕೆ ಸಾಕು, ಅದಕ್ಕೂ ಹಿಂದಿನದಕ್ಕೆ ಕಚೇರಿಯ ಪುಸ್ತಕವನ್ನೇ ನೋಡಿಸಬೇಕು. ವರ್ಷ ಇಷ್ಟರಿಂದ ಇಷ್ಟರವರೆಗೆ ಅಂತ ಕೇಳಬೇಕಾದ್ದರಿಂದ, ಮೊದಲು ಡೈರಿ ಮುಗಿಸಿ ಆಮೇಲೆ ಇಲ್ಲಿಗೆ ಬರುವುದು ಸರಿಯಾದ ಕ್ರಮ. ಎನ್.ಎ. (ಕೃಷಿಯೇತರ) ಆದ ಜಮೀನಾದರೆ ಅದರ ಬಿನ್‌ಶೇತ್ಕಿ ಕಡತ, ಕಮಿ-ಜಾಸ್ತಿ ಪತ್ರಕ (ವಿಸ್ತೀರ್ಣದ ಹೆಚ್ಚುಕಡಿಮೆಯ ಪಟ್ಟಿ) ಮತ್ತು ಲೇಔಟಿನ ನಕ್ಷೆ ಇವೂ ಇರುತ್ತವೆ. ಸ್ಥಳ ಪರಿಶೀಲನೆಯ ವರದಿಯಲ್ಲಿ "ಸದರಿ ಜಮೀನಿನಲ್ಲಿ ಒಂದು ಹಳೆ ಮನೆ, ಒಂದು ಬಾವಿ ಇದೆ" ಅನ್ನುವ ಒಂದು ಸಾಲು ಇದ್ದರೆ ಅದೇ ಮನೆಯ ಕೊನೆಯ ಸರಕಾರಿ ಉಲ್ಲೇಖ.

ನಂಬರು ತಪ್ಪುವುದು ಸಾಮಾನ್ಯ. ಮರುಸರ್ವೆಯಲ್ಲಿ ಸರ್ವೆ ನಂಬರು ಬದಲಾದ ಊರುಗಳಿವೆ. 1947ರ ಮುಂಬಯಿಯ ತುಕಡೆ ತಡೆ ಕಾಯ್ದೆಯ ನಂತರ ಹೊಲಗಳನ್ನು ಒಟ್ಟುಗೂಡಿಸಿ ಬ್ಲಾಕ್ ನಂಬರು ಕೊಟ್ಟ ಊರುಗಳೂ ಇವೆ. ಡೈರಿಯ ಸಾಲು ನಡುವೆ ಕಡಿದುಹೋದರೆ ಮಾಲಕ ಬದಲಾಗಿರಲಿಕ್ಕಿಲ್ಲ, ನಂಬರು ಬದಲಾಗಿರಬಹುದು. ಹಳೆ ನಂಬರು ಹೊಸ ನಂಬರಿನ ತಾಳೆಪಟ್ಟಿ ಕೇಳಿ.

ಕಾಲ ಗುರುತಿಸಲು ಕಾಗದದ ತಲೆಬರಹವೇ ಸಾಕಷ್ಟು ಹೇಳುತ್ತದೆ. "ಕಲಾದಗಿ ಜಿಲ್ಲೆ" ಅಂತ ಇದ್ದರೆ 1864ಕ್ಕೂ 1885ಕ್ಕೂ ನಡುವಿನದು; ಆಮೇಲೆ ಜಿಲ್ಲಾ ಕೇಂದ್ರ ವಿಜಯಪುರಕ್ಕೆ ಬಂತು. "ಮುಂಬಯಿ ಸರಕಾರ" 1956ರ ಅಕ್ಟೋಬರ್‌ವರೆಗೆ, "ಮೈಸೂರು ರಾಜ್ಯ" ಅಲ್ಲಿಂದ 1973ರ ಅಕ್ಟೋಬರ್‌ವರೆಗೆ. ಸ್ಟಾಂಪು ಕಾಗದದ ಮೇಲೆ ವಿಕ್ಟೋರಿಯಾ ರಾಣಿ ಇದ್ದರೆ 1901ರೊಳಗಿನದು, ಏಳನೆಯ ಎಡ್ವರ್ಡ್ 1910ರವರೆಗೆ, ಐದನೆಯ ಜಾರ್ಜ್ 1936ರವರೆಗೆ. ಹಳೆಯ ದಾಸ್ತಾನು ಕೆಲವು ತಿಂಗಳು ಓಡುತ್ತಿತ್ತು, ಅಷ್ಟು ಸಡಿಲ ಬಿಡಿ. ಫಸಲಿ ವರ್ಷ ಇದ್ದರೆ 590 ಕೂಡಿಸಿ. ಅದು ಜೂನ್‌ನಲ್ಲಿ, ಮಿರಗದ (ಮೃಗಶಿರಾ ಮಳೆಯ) ಹೊತ್ತಿಗೆ ಶುರುವಾಗುವುದರಿಂದ ಜನವರಿಯಿಂದ ಮೇ ತನಕದ ತಿಂಗಳಿಗೆ 591. ಫಸಲಿ 1300 ಅಂದರೆ 1890–91. ಶಕ ವರ್ಷಕ್ಕೆ 78. ಬಾಗಿಲ ಮೇಲಿನ ಕಲ್ಲಿನಲ್ಲಿ ಸಂವತ್ಸರದ ಹೆಸರು ಮಾತ್ರ ಕೊರೆದಿದ್ದರೆ ಅರವತ್ತು ವರ್ಷದ ಗೊಂದಲ ಇದ್ದೇ ಇದೆ: ಧಾತು ಸಂವತ್ಸರ 1876ರಲ್ಲೂ ಬಂತು, 1936ರಲ್ಲೂ ಬಂತು. 1876ರಿಂದ 78ರ ತನಕ ಭೀಕರ ಬರ. ಆ ವರ್ಷಗಳಲ್ಲಿ ಇಲ್ಲಿ ಯಾರೂ ಮನೆ ಕಟ್ಟುವ ಸ್ಥಿತಿಯಲ್ಲಿ ಇರಲಿಲ್ಲ, ಹಾಗಾಗಿ ಧಾತು ಅಂತ ಕಂಡರೆ ನನ್ನ ಒಲವು 1936ರ ಕಡೆಗೆ.

1850ಕ್ಕೆ ಹಿಂದಿನ ಕಾಗದ ಮೋಡಿ ಲಿಪಿಯ ಮರಾಠಿಯಲ್ಲಿ ಇರುವ ಸಂಭವ ಹೆಚ್ಚು. ಮೋಡಿ ಓದುವವರು ವಿಜಯಪುರ, ಬೆಳಗಾವಿ, ಸೊಲ್ಲಾಪುರದಲ್ಲಿ ಇನ್ನೂ ಇದ್ದಾರೆ. ಒಂದೇ ಕಾಗದವನ್ನು ಇಬ್ಬರಿಂದ ಓದಿಸಿ, ಹೆಸರು ಮತ್ತು ಅಂಕಿ ಎರಡೂ ಕಡೆ ತಾಳೆಯಾದರೆ ಮಾತ್ರ ಬರೆದುಕೊಳ್ಳಿ.

ಹೊಲದಲ್ಲಿ ಮನೆ ಯಾಕೆ ಬಂತು

ಬಯಲುಸೀಮೆಯ ಒಕ್ಕಲಿಗರು ಹೊಲದಲ್ಲಿ ಮನೆ ಕಟ್ಟಿಕೊಂಡು ಇರುವವರಲ್ಲ. ಊರೊಳಗೆ ಒತ್ತೊತ್ತಾಗಿ ಮನೆ, ಸುತ್ತ ಗೋಡೆ, ನಡುವೆ ಹುಡೇವು (ಕಾವಲು ಬುರುಜು). ಹೊಲಕ್ಕೆ ಬೆಳಗ್ಗೆ ಹೋಗಿ ಸಂಜೆ ಬರುವುದು. 1818ಕ್ಕೆ ಹಿಂದೆ ಪೆಂಡಾರಿಗಳ ಕಾಟದಲ್ಲಿ ಹೊಲದಲ್ಲಿ ಮಲಗುವ ಧೈರ್ಯ ಯಾರಿಗೂ ಇರಲಿಲ್ಲ. ಆದ್ದರಿಂದ ಹೊಲದ ನಡುವೆ ಗಟ್ಟಿ ಮನೆ ಇದೆ ಅಂದರೆ ಅದಕ್ಕೊಂದು ಕಾರಣ ಇರಲೇಬೇಕು. ಹೆಚ್ಚು ಸಲ ಆ ಕಾರಣ ಬಾವಿ. ಒಣ ಬೇಸಾಯದ ಬಿಳಿಜೋಳ, ಕಡಲೆಗೆ ಹೊಲದಲ್ಲಿ ಇರುವ ಅಗತ್ಯ ಇಲ್ಲ. ಬಾವಿ ಬಂದು ಕಪಲಿ (ಎತ್ತಿನಿಂದ ನೀರೆತ್ತುವ ಸಾಧನ) ಹೂಡಿದರೆ ನಸುಕಿನಲ್ಲೇ ಎತ್ತು ಕಟ್ಟಬೇಕು, ತೋಟ ಕಾಯಬೇಕು. ಮೊದಲು ಗುಡಿಸಲು, ಆಮೇಲೆ ದನದ ಮನಿ, ಆಮೇಲೆ ಪಡಸಾಲಿ. ಈ ಕ್ರಮವನ್ನೇ ಗೋಡೆಯಲ್ಲೂ ಓದಬಹುದು: ಒಂದು ಗೋಡೆ ಇನ್ನೊಂದಕ್ಕೆ ಕಲ್ಲು ಹೆಣೆಯದೆ ಬರೀ ಒತ್ತಿ ನಿಂತಿದ್ದರೆ, ಒತ್ತಿ ನಿಂತದ್ದು ಆಮೇಲಿನದು.

ಎರಡನೆಯ ಕಾರಣ ಪ್ಲೇಗು. 1896ರಲ್ಲಿ ಮುಂಬಯಿಗೆ ಬಂದ ಬ್ಯಾನಿ ಈ ಕಡೆಗೂ ಹಬ್ಬಿದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಬ್ಯಾನಿ ಹೋದ ಮೇಲೆ ಹೆಚ್ಚಿನವರು ಮರಳಿದರು, ಕೆಲವರು ಉಳಿದರು. ಹಿರಿಯರು "ಬ್ಯಾನಿಗೆ ಹೊರಬಿದ್ದಿದ್ವಿ" ಅಂದರೆ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಗೋಡೆ, ಕಟ್ಟಿಗೆ, ಮೊಳೆ

ಗೋಡೆಯಲ್ಲಿ ಚೊಕ್ಕವಾಗಿ ಕಡೆದ ಕಲ್ಲು, ಹೂವಿನ ಕೆತ್ತನೆಯ ತುಂಡು ಕಂಡು "ಆದಿಲಶಾಹಿ ಮನೆ" ಅಂತ ಬರೆದುಬಿಡುವುದು ವಿಜಯಪುರದಲ್ಲಿ ದಿನಾ ನಡೆಯುವ ತಪ್ಪು. ತೊರವಿಯ ಹತ್ತಿರ ಎರಡನೆಯ ಇಬ್ರಾಹಿಂ ಆದಿಲಶಾಹ 1599ರಲ್ಲಿ ನವರಸಪುರ ಕಟ್ಟಲು ಶುರುಮಾಡಿದ. 1624ರಲ್ಲಿ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ. 1686ರಲ್ಲಿ ಔರಂಗಜೇಬನ ಕೈಗೆ ಊರು ಬಿದ್ದ ಮೇಲೆ ಕೋಟೆಯ ಹೊರಗಿನ ಪೇಟೆಗಳೂ ಬಣಗುಟ್ಟಿದವು. ಅಲ್ಲಿಂದ ಮುಂದೆ ಆ ಅವಶೇಷಗಳೇ ಸುತ್ತಲಿನ ಹಳ್ಳಿಗಳ ಕಲ್ಲಿನ ಖಣಿ. ಮರುಬಳಕೆಯ ಕಲ್ಲಿಗೆ ಗುರುತುಗಳಿವೆ: ಗೋಡೆಯೊಳಗೆ ಹುದುಗಿದ ಮೈಮೇಲೆ ಹಳೆಯ ಗಚ್ಚಿನ (ಸುಣ್ಣದ ಗಾರೆಯ) ಬಿಳಿ ಕಲೆ, ಕೆತ್ತನೆ ತಲೆಕೆಳಗು ಅಥವಾ ಅರ್ಧಕ್ಕೆ ಕಡಿದದ್ದು, ಒಂದು ಸಾಲು ನುಣುಪು ಕಲ್ಲಾದರೆ ಮುಂದಿನ ಸಾಲು ಒರಟು. ಗೋಡೆ ನಿಜಕ್ಕೂ ಹಳೆಯದಾದರೆ ಕಲ್ಲಿನ ನಡುವಿನ ಗಾರೆಯೂ ಗಚ್ಚೇ ಆಗಿರುತ್ತದೆ, ಮಣ್ಣಲ್ಲ.

ಗಾರೆ ಪರೀಕ್ಷಿಸಲು ಅಡಿಕೆ ಗಾತ್ರದ ಒಂದು ಚೂರನ್ನು ಗಾಜಿನ ಲೋಟದ ನೀರಿನಲ್ಲಿ ರಾತ್ರಿಯಿಡೀ ಬಿಡಿ. ಮಣ್ಣಾದರೆ ಬೆಳಗ್ಗೆ ಕರಗಿ ತಳಕ್ಕೆ ಕೂತಿರುತ್ತದೆ. ಗಚ್ಚಾದರೆ ಹಾಗೇ ಉಳಿಯುತ್ತದೆ, ಉಗುರಿನಿಂದ ಕೆರೆದರೆ ಬಿಳಿ ಪುಡಿ ಬರುತ್ತದೆ. ಸಿಮೆಂಟಾದರೆ ಬೂದು ಬಣ್ಣ, ಉಗುರಿಗೆ ಜಗ್ಗುವುದಿಲ್ಲ. ಲಿಂಬೆರಸ ಹಾಕಿ ನೊರೆ ಬಂದರೆ ಸುಣ್ಣ ಅನ್ನುವ ಪರೀಕ್ಷೆಯನ್ನು ಇಲ್ಲಿ ನಂಬಬೇಡಿ. ನಮ್ಮ ಎರಿ (ಕಪ್ಪು) ಮಣ್ಣಿನಲ್ಲೇ ಸುಣ್ಣದ ಹರಳು ಇರುವುದರಿಂದ ಬರೀ ಮಣ್ಣೂ ನೊರೆ ಕೊಡುತ್ತದೆ.

ಕಟ್ಟಿಗೆಯಲ್ಲಿ ಕಾಲ ಇನ್ನೂ ಸ್ಪಷ್ಟ. ಊರಿನ ಬೇವು, ಜಾಲಿಯ ಜಂತಿಗಳು ಗಿಡ್ಡ ಮತ್ತು ಸೊಟ್ಟ. ಆದ್ದರಿಂದಲೇ ಹಳೆಯ ಮನೆಯ ಖಣಗಳು (ತೊಲೆಯಿಂದ ತೊಲೆಗೆ ಇರುವ ಅಂತರ) ಏಳೆಂಟು ಅಡಿ ದಾಟುವುದಿಲ್ಲ. ಹೊಟಗಿ–ಗದಗ ರೈಲು 1884ರ ಸುಮಾರಿಗೆ ವಿಜಯಪುರ ಮುಟ್ಟಿದ ಮೇಲೆ ನೆಟ್ಟನೆಯ ಸಾಗವಾನಿ ತೊಲೆ, ತಗಡಿನ ಪತ್ರಾ, ಮಂಗಳೂರು ಹೆಂಚು, ಕಬ್ಬಿಣದ ಗರ್ಡರ್, ಶಹಾಬಾದಿನ ಪರಸಿ ಎಲ್ಲ ಬಂದವು. ತೊಲೆಯ ಮೇಲೆ ಬಾಚಿಯ ಕೊಚ್ಚು ಗುರುತು ಅಥವಾ ಓರೆಯಾದ ಕೈಗರಗಸದ ಗೆರೆ ಇದ್ದರೆ ಹಳೆಯದು. ಕಮಾನಿನಂತೆ ಬಾಗಿದ ಗೆರೆ ಇದ್ದರೆ ಸಾ ಮಿಲ್ಲಿನ ದುಂಡು ಗರಗಸದ್ದು. ಬಾಗಿಲು ಕಲ್ಲಿನ ಕುಳಿಯಲ್ಲಿ ತಿರುಗುತ್ತಿದೆಯೋ ಬಿಜಾಗರಿಯ ಮೇಲೋ ನೋಡಿ. ಮೊಳೆ ಚೌಕನೆಯದಾದರೆ ಕಮ್ಮಾರನ ಕುಲುಮೆಯದು, ದುಂಡು ತಂತಿ ಮೊಳೆಯಾದರೆ 19ನೇ ಶತಮಾನದ ಕೊನೆಗಿಂತ ಹಿಂದಿನದಲ್ಲ.

ಈ ಎಲ್ಲ ಗುರುತುಗಳೂ "ಇದಕ್ಕಿಂತ ಹಿಂದಲ್ಲ" ಅನ್ನುವುದನ್ನು ಮಾತ್ರ ಹೇಳುತ್ತವೆ. ತೊಲೆಯಾಗಿ ಹಾಕಿದ ರೈಲು ಹಳಿಯ ಪಕ್ಕೆಯಲ್ಲಿ ಕಾರಖಾನೆಯ ಹೆಸರು, ವರ್ಷ ಉಬ್ಬಿರುತ್ತದೆ. ಆದರೆ ಹಳಿ ಸವೆದು ಗುಜರಿಗೆ ಬಂದು ಮನೆಗೆ ಏರಲು ಮೂವತ್ತು ನಲವತ್ತು ವರ್ಷ ಹಿಡಿದಿರಬಹುದು. ಹೆಂಚಿನ ವಿಷಯದಲ್ಲಂತೂ ಎಚ್ಚರ ಬೇಕೇಬೇಕು. ಬಾಸೆಲ್ ಮಿಷನ್ ಹೆಂಚಿನ ಮೇಲಿನ 1865 ಅನ್ನುವುದು ಮಂಗಳೂರಿನ ಕಾರಖಾನೆ ಶುರುವಾದ ವರ್ಷ, ಆ ಹೆಂಚು ಸುಟ್ಟ ವರ್ಷವಲ್ಲ. ದನದ ಮನಿಯ ಮೂಲೆಯ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರವನ್ನೂ ನೋಡಿ: ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಬೆಳಗಾವಿಯಲ್ಲಿ ಇವನ್ನು ಮಾಡತೊಡಗಿದ್ದು 1900ರ ನಂತರದ ಮೊದಲ ದಶಕದಲ್ಲಿ, ಕಾರಖಾನೆ ಕಿರ್ಲೋಸ್ಕರವಾಡಿಗೆ ಹೋದದ್ದು 1910ರಲ್ಲಿ.

ಮ್ಯಾಳಗಿ

ಮಣ್ಣಿನ ಮ್ಯಾಳಗಿಯನ್ನು ಹಿಂದುಳಿದವರ ಸೂರು ಅಂತ ನೋಡುವವರಿದ್ದಾರೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿಗೆ ಇದಕ್ಕಿಂತ ತಕ್ಕ ಸೂರು ಇಲ್ಲ. ಕೆಳಗೆ ತೊಲೆ, ಅದರ ಮೇಲೆ ಗೇಣು ಗೇಣಿಗೆ ಜಂತಿ, ಜಂತಿಯ ಮೇಲೆ ಸೀಳು ಕಟ್ಟಿಗೆ, ಮೇಲೆ ತೊಗರಿ ಅಥವಾ ಹತ್ತಿ ಕಟ್ಟಿಗೆಯ ಹಾಸು, ಗೆದ್ದಲು ಬಾರದಂತೆ ಬೇವಿನ ಸೊಪ್ಪು, ಕಲಸಿದ ಮಣ್ಣು, ಒಣಮಣ್ಣು, ಎಲ್ಲಕ್ಕೂ ಮೇಲೆ ಎರಡು ಬೆರಳು ಕರಲು ಮಣ್ಣು. ಗುಟ್ಟು ಈ ಕೊನೆಯ ಪದರದಲ್ಲಿ. ಕರಲು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದ ಕೂಡಲೇ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ, ಆಮೇಲೆ ನೀರು ಇಳಿಯದೆ ಹರನಾಳಿಗೆಯ ಕಡೆ ಹರಿಯುತ್ತದೆ. ಬೆಳೆಗೆ ಶಾಪವಾದ ಗುಣ ಸೂರಿಗೆ ವರ. ಕರಲು ಸಿಗಲಿಲ್ಲ ಅಂತ ಎರಿ ಮಣ್ಣು ಹಾಕಿದರೆ ಕೆಟ್ಟಿತು: ಬೇಸಿಗೆಯಲ್ಲಿ ಬಿರುಕು ಬಿಟ್ಟು ಮೊದಲ ಅಡ್ಡಮಳೆಗೇ ನೀರು ನೇರವಾಗಿ ಜಂತಿಗೆ ಇಳಿಯುತ್ತದೆ.

ಮಳೆ ಮೇಲಿನ ಪದರ ಕೊಚ್ಚಿ ಒಯ್ಯುವುದರಿಂದ ಮಿರಗಕ್ಕೆ ಮೊದಲು ಹೊಸ ಮಣ್ಣು ಹಾಕುವ ರೂಢಿ. ಹಾಕಿದಷ್ಟು ಹರಿದುಹೋಗುವುದಿಲ್ಲ, ಹೀಗಾಗಿ ಒಂಬತ್ತು ಇಂಚಿನ ಮ್ಯಾಳಗಿ ಎರಡು ತಲೆಮಾರಿನಲ್ಲಿ ಹದಿನೆಂಟು ಇಂಚು ಆಗುತ್ತದೆ. ಹತ್ತಡಿಗೆ ಹತ್ತಡಿ ಜಾಗದ ಮೇಲೆ ಒಂದು ಅಡಿ ಮಣ್ಣು ಅಂದರೆ ನೂರು ಘನ ಅಡಿ, ಒಣಗಿದ್ದಾಗಲೇ ಸುಮಾರು ನಾಲ್ಕೂವರೆ ಟನ್. ನೆನೆದರೆ ಇನ್ನೂ ಹೆಚ್ಚು. ಹಳೆಯ ಮನೆಗಳು ಸತತ ಮಳೆಯಲ್ಲಿ ಕುಸಿಯುವುದು ಬಹಳ ಸಲ ಈ ಭಾರಕ್ಕೇ. ದುರಸ್ತಿ ಮಾಡುವವರು ಹೊಸ ಮಣ್ಣು ಏರಿಸುವ ಮೊದಲು ಹಳೆಯದನ್ನು ಕೆರೆದು ಇಳಿಸಬೇಕು. ಜಂತಿ ನಡುವೆ ಗಟ್ಟಿ ಕಂಡರೂ ಗೋಡೆಯೊಳಗೆ ಕೂತ ತುದಿ ಮೊದಲು ಕೊಳೆಯುತ್ತದೆ. ಅಲ್ಲಿ ತೆಳು ಕಬ್ಬಿಣದ ಸಲಾಕೆ ಚುಚ್ಚಿ ನೋಡಿ, ಅರ್ಧ ಇಂಚು ಸಲೀಸಾಗಿ ಇಳಿದರೆ ಕೆಳಗೆ ಟೇಕು ಕೊಡದೆ ಮೇಲೆ ಹತ್ತಬೇಡಿ. ಮ್ಯಾಳಗಿಯ ಮೇಲೆ ಸಿಮೆಂಟು ಬಳಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮಣ್ಣು ಹಿಗ್ಗಿ ಕುಗ್ಗುವಾಗ ಸಿಮೆಂಟು ಸೀಳುತ್ತದೆ, ಸೀಳಿನಿಂದ ಇಳಿದ ನೀರು ಮೇಲಕ್ಕೆ ಆರಲು ದಾರಿ ಇಲ್ಲದೆ ಜಂತಿಯಲ್ಲೇ ನಿಲ್ಲುತ್ತದೆ.

ಕೆಡವುವ ಮನೆಯಾದರೆ ಮ್ಯಾಳಗಿಯ ಒಂದು ಮೂಲೆಯನ್ನು ನೆಟ್ಟಗೆ ಕೊಯ್ದು ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು ಫೋಟೋ ತೆಗೆಯಿರಿ. ಪದರಗಳು ಬಣ್ಣದಲ್ಲೇ ಬೇರೆಬೇರೆ ಕಾಣುತ್ತವೆ. ಒಂದು ಪದರ ಒಂದು ವರ್ಷ ಅಂತ ಎಣಿಸಬೇಡಿ, ಬರಗಾಲದಲ್ಲಿ ಯಾರೂ ಮಣ್ಣು ಏರಿಸುತ್ತಿರಲಿಲ್ಲ. ಆದರೆ ಪದರಗಳ ನಡುವೆ ಸಿಕ್ಕ ಬಳೆಚೂರು, ಬೀಡಿ ಕಾಗದ, ಒಂದು ಕಾಸು ಕೂಡ ಉಪಯೋಗಕ್ಕೆ ಬರುತ್ತದೆ.

ಬಾವಿ ಮತ್ತು ಹಗೇವು

ಬಾವಿಯ ಅಂಚಿನ ಕಲ್ಲಿನಲ್ಲಿ ಹಗ್ಗ ಸವೆಸಿದ ಗೀರು, ಗಾಲಿ ಕೂರಿಸುವ ಕಲ್ಲಿನ ಚಾಚು, ಎತ್ತು ಇಳಿಯುವ ಇಳಿಜಾರು, ಈ ಮೂರೂ ಇದ್ದರೆ ಕಪಲಿ ಬಾವಿ. ಇಳಿಜಾರಿನ ಉದ್ದ ಅಳೆದರೆ ನೀರು ಎಷ್ಟು ಆಳದಲ್ಲಿತ್ತು ಅನ್ನುವ ಅಂದಾಜು ಸಿಗುತ್ತದೆ, ಯಾಕಂದರೆ ಎತ್ತು ನಡೆದಷ್ಟೇ ಹಗ್ಗ ಮೇಲೆ ಬರಬೇಕು. ಕಲ್ಲಿನ ಕಟ್ಟಡದ ಮೇಲೆ ಇಟ್ಟಿಗೆ ಸಿಮೆಂಟಿನ ನಾಲ್ಕು ಸಾಲು ಏರಿದ್ದರೆ ಅದು ಪಂಪ್‌ಸೆಟ್ ಕಾಲದ ಸೇರ್ಪಡೆ.

ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕುಣಿ, ಹೆಚ್ಚಾಗಿ ಊರೊಳಗೇ, ಗಟ್ಟಿ ಗರಸಿನ ಜಾಗದಲ್ಲಿ ಇರುತ್ತದೆ. ಹೊಲದ ಮನೆಯ ಮುಂದೆಯೂ ಕೆಲವು ಇವೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಗಡಿಗೆಯಂತೆ ಅಗಲ, ಆಳ ಹತ್ತಡಿಯ ಆಸುಪಾಸು. ಸಿಕ್ಕರೆ ಒಳಗೆ ಇಳಿಯಬೇಡಿ. ಕಾಳು ಉಸಿರಾಡಿ ಬಿಟ್ಟ ಗಾಳಿ ಭಾರವಾದದ್ದು, ತಳದಲ್ಲಿ ನಿಲ್ಲುತ್ತದೆ, ಜನ ಸತ್ತಿದ್ದಾರೆ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯಲ್ಲಿ ದೀಪ ಆರಿದರೆ ಅಪಾಯ ಖಚಿತ, ಆರದಿದ್ದರೆ ಸುರಕ್ಷಿತ ಅಂತ ಅರ್ಥವಲ್ಲ. ಮೇಲಿನಿಂದಲೇ ಮೊಬೈಲನ್ನು ಕೋಲಿಗೆ ಕಟ್ಟಿ ಫೋಟೋ ತೆಗೆದರೆ ಸಾಕು.

ಹಿರಿಯರನ್ನು ಕೇಳುವಾಗ "ಈ ಮನಿಗೆ ಎಷ್ಟು ವರ್ಷ ಆತ್ರೀ?" ಅಂದರೆ "ನೂರು" ಅನ್ನುವ ಉತ್ತರ ಬರುತ್ತದೆ. "ಕರೆಂಟು ಬಂದಾಗ ಈ ಪಡಸಾಲಿ ಇತ್ತೇನ್ರೀ?", "ಎಪ್ಪತ್ತೆರಡರ ಬರದಾಗ ಬಾವ್ಯಾಗ ನೀರ ಇದ್ದವೇನು?", "ಅಮ್ಮಾ, ನೀವು ನಡ್ಯಾಕ ಬಂದಾಗ ಅಡಗಿ ಮನಿ ಯಾವ ಕಡೆ ಇತ್ತು?" ಹೀಗೆ ಒಂದೊಂದೇ ಭಾಗವನ್ನು ಒಂದೊಂದು ಘಟನೆಗೆ ಕಟ್ಟಿ ಕೇಳಿ. ಸೊಸೆಯಾಗಿ ಬಂದವರ ನೆನಪು ಮನೆಯ ವಿಷಯದಲ್ಲಿ ಹುಟ್ಟಿದ ಮಕ್ಕಳ ನೆನಪಿಗಿಂತ ಚುರುಕು; ಹೊಸದಾಗಿ ನೋಡಿದವರು ಅವರು.

ಲೇಔಟಿನವರು ಬಾವಿ, ಹಗೇವು ಎರಡನ್ನೂ ಮಣ್ಣು ಕಸ ಸುರಿದು ಮುಚ್ಚುತ್ತಾರೆ. ಬಿಗಿ ಮಾಡದೆ ತುಂಬಿದ ನಲವತ್ತು ಅಡಿ ಬಾವಿ ಹತ್ತಾರು ಮಳೆಗಾಲ ಕುಸಿಯುತ್ತಲೇ ಇರುತ್ತದೆ, ಅದರ ಅಂಚಿನ ಮೇಲೆ ಬಂದ ಪಾಯ ಒಂದು ಕಡೆಗೆ ವಾಲಿ ಗೋಡೆ ಓರೆಯಾಗಿ ಸೀಳುತ್ತದೆ. ಸೈಟು ಕೊಳ್ಳುವವರು ಗ್ರಾಮ ನಕ್ಷೆ ಮತ್ತು ಟಿಪ್ಪಣಿಯಲ್ಲಿ ಬಾವಿಯ ಗುರುತು ನೋಡಿಕೊಳ್ಳಲೇಬೇಕು. ಸರ್ವೇ ಆಫ್ ಇಂಡಿಯಾದ 47 ಪಿ/9 ಹಾಳೆಯಲ್ಲೂ ಊರಾಚೆಯ ಬಾವಿಗಳನ್ನು ಹುಡುಕಬಹುದು. ಟಿಪ್ಪಣಿಯ ಅಳತೆ ಸರಪಳಿ ಮತ್ತು ಆಣೆಯಲ್ಲಿ ಇರುತ್ತದೆ: ಒಂದು ಸರಪಳಿ 33 ಅಡಿ, ಅದರ ಹದಿನಾರನೆಯ ಒಂದು ಭಾಗ ಆಣೆ, ಎರಡು ಅಡಿಗಿಂತ ಚೂರು ಹೆಚ್ಚು. ಮೂಲೆಯ ಕಲ್ಲಿನಿಂದ ಬಾವಿಗೆ 7 ಸರಪಳಿ 8 ಆಣೆ ಅಂತ ಇದ್ದರೆ 247 ಅಡಿ 6 ಇಂಚು. ಆ ಮೂಲೆ ಕಲ್ಲು ಈಗ ರಸ್ತೆಯ ಡಾಂಬರಿನ ಕೆಳಗೆ ಹೋಗಿದ್ದರೆ ಪಕ್ಕದ ಸರ್ವೆ ನಂಬರಿನ ಕಲ್ಲಿನಿಂದ ಅಳೆಯಿರಿ, ಎರಡು ಕಡೆಯಿಂದ ಅಳೆದದ್ದು ಒಂದೇ ಜಾಗಕ್ಕೆ ಬಂದು ಕೂಡಿದರೆ ಬಾವಿ ಅಲ್ಲೇ ಇದೆ.